ಹಾಂ, ಹೇಳು

ಆಗಸ್ಟ್ ೪, ಸೋಮವಾರ

ಈ ಮನೆಯಲ್ಲಿ ಇನ್ನು ಮುಂದೆ ಕಾಯಿಲೆಯ ವಿಷಯ ಎತ್ತುವಂತಿಲ್ಲ ಎಂದು ಸರ್ವಾನುಮತದಿಂದ ನಿರ್ಣಯವಾಗಿದೆ. ಸರ್ವಾನುಮತ ಎಂದರೆ ನನ್ನ ಹೆಂಡತಿಯ ಮತ. ನಾನು ಸಭೆಯಲ್ಲಿ ಹಾಜರಿದ್ದೆ, ಅಷ್ಟೆ. ಬೇರೆ ಊರಿನಲ್ಲಿ ಕಟ್ಟುಹಲ್ಲು ಮಾಡುವ ಕೆಲಸದಲ್ಲಿರುವ ಮಗಳು ಫೋನಿನಲ್ಲೇ ಅನುಮೋದಿಸಿದಳು. ಅಪ್ಪನಿಗೆ ಮಾತಾಡದೆ ಇರಲು ಆಗದಿದ್ದರೆ ಕಂಪ್ಯೂಟರಿನಲ್ಲಿ ಬರೆದುಕೊಳ್ಳಲಿ ಎಂದಳಂತೆ. ಹೀಗೆ, ಕನ್ನಡಕದ ಅಂಗಡಿಯ ಮಾಲೀಕನೂ ಬೀದಿಗೆಲ್ಲ ಬಾಯಿಬಡುಕನೆಂದು ಪರಿಚಿತನೂ ಆದ ನಾನು ದಿನಚರಿಕಾರನಾದೆ.

ಬರೆಯುವ ಸ್ವಾತಂತ್ರ್ಯ ಸಿಕ್ಕಿರುವುದರಿಂದ ಬರೆದೇಬಿಡುತ್ತೇನೆ. ನನ್ನ ಹೆಂಡತಿಯ ಗಂಟಲಲ್ಲಿ, ಸ್ವರ ಹೊರಡುವ ಪೆಟ್ಟಿಗೆಯಲ್ಲೇ, ಗಡ್ಡೆ ಬೆಳೆದಿದೆ. ತಿಂಗಳ ಕೊನೆಗೆ ಆಪರೇಷನ್. ಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ.

ದನಿ ಎಂದರೆ ಅದೇನು ಅಂತಿಂಥ ದನಿಯಲ್ಲ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು "ಪ್ರಯಾಣಿಕರ ಗಮನಕ್ಕೆ" ಎನ್ನುವವಳು ಅವಳೇ. ಆ ಒಂದು ಮಾತಿಗೆ ಓಡುತ್ತಿದ್ದವರು ನಿಲ್ಲುತ್ತಾರೆ, ನಿಂತವರು ಓಡುತ್ತಾರೆ. ಡ್ರೈವರುಗಳೆಲ್ಲ ಅವಳನ್ನು ಗಮನಕ್ಕ ಎಂದೇ ಕರೆಯುವುದು. ಮನೆಯಲ್ಲಿ ನಾನು ಕಣ್ಣು ನೋಡಿಕೊಳ್ಳುತ್ತೇನೆ, ಒಬ್ಬಳು ಹಲ್ಲು ನೋಡಿಕೊಳ್ಳುತ್ತಾಳೆ, ಇನ್ನೊಬ್ಬಳು ಊರಿನ ಕಿವಿಗೆಲ್ಲ ಹೊಣೆ. ಗಂಟಲಿನ ಕಡೆ ಯಾರೂ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದಾರೆ. ಅವರು ಒಂದು ಪೆನ್‌ಡ್ರೈವ್ ಕೊಟ್ಟು ಕಳಿಸಿದ್ದಾರೆ. ದಿನಬಳಕೆಯ ಮಾತುಗಳನ್ನು ಅವಳದೇ ದನಿಯಲ್ಲಿ ರೆಕಾರ್ಡು ಮಾಡಿ ಅದರಲ್ಲಿ ತುಂಬಿಕೊಡಬೇಕು. ಆಮೇಲೆ ಅವನ್ನೆಲ್ಲ ಕೈಯಲ್ಲಿ ಹಿಡಿಯುವ ಒಂದು ಟ್ಯಾಬಿಗೆ ಹಾಕುತ್ತಾರೆ. ಚಿತ್ರ ಒತ್ತಿದರೆ ಅವಳು ಮಾತಾಡುತ್ತಾಳೆ.

ಸುಲಭದ ಕೆಲಸ, ನಮ್ಮ ಕಂಪ್ಯೂಟರು ಅಡ್ಡ ಬರದಿದ್ದರೆ. ಅದು ಅಂಗಡಿಯಿಂದ ನಿವೃತ್ತನಾಗಿ ಮನೆಗೆ ಬಂದ ಅಜ್ಜ. ಆನ್ ಮಾಡಿ ಚಹಾ ಕಾಸಿ ಕುಡಿದು ಬಂದರೂ ಆಕಳಿಸುತ್ತಿತ್ತು. ಕನಿಕರಪಟ್ಟ ಮಗಳು ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಟ್ಟಳು. ಅದರಲ್ಲೂ ತೀರ ಹಗುರ ಜಾತಿಯ ಡೆಸ್ಕ್‌ಟಾಪು. ಅಜ್ಜ ಈಗ ಜಿಂಕೆಯ ಹಾಗೆ ಓಡುತ್ತಾನೆ, ಆದರೆ ಆಳುಕಾಳುಗಳನ್ನೆಲ್ಲ ಬಿಡಿಸಿಬಿಟ್ಟಿದ್ದಾನೆ. ಪೆನ್‌ಡ್ರೈವ್ ಚುಚ್ಚಿದರೆ ಬೇರೆಯವರ ಕಂಪ್ಯೂಟರು ಓಡಿ ಬಂದು ಉಪಚರಿಸುತ್ತದಂತೆ. ನಮ್ಮದು ಕಣ್ಣೆತ್ತಿಯೂ ನೋಡುವುದಿಲ್ಲ. ಎಡಗಡೆಯ ಪಟ್ಟಿಯಲ್ಲಿ ಅದರ ಹೆಸರು ಹುಡುಕಿ ಒತ್ತಿ, "ಮೌಂಟ್" ಮಾಡಿ, ಬಾಗಿಲಲ್ಲಿ ನಿಂತ ನೆಂಟನನ್ನು ಕೈಹಿಡಿದು ಒಳಗೆ ಕರೆತರಬೇಕು. ಹೋಗುವಾಗಲೂ ಹಾಗೆಯೇ ಎಂದಳು ಮಗಳು. ಹೆಸರಿನ ಪಕ್ಕದಲ್ಲಿ ಪುಟ್ಟ ಬಾಣವಿದೆ, ಅದನ್ನು ಒತ್ತಿ, ಕಾದು, ಆಮೇಲೇ ಕೀಳಬೇಕು. ಹೆಬ್ಬೆರಳಿನಷ್ಟಿಲ್ಲದ ನೆಂಟನಿಗೆ ಇಷ್ಟೊಂದು ಬೀಳ್ಕೊಡುಗೆಯೇ ಎಂದೆ. ಅವಳು ನಗಲಿಲ್ಲ.

ಆಗಸ್ಟ್ ೬, ಬುಧವಾರ

ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಸದ್ದು ಹೀರಲೆಂದು ಮೇಜಿಗೆ ಕಂಬಳಿ ಹೊದಿಸಿ ರೆಕಾರ್ಡಿಂಗ್ ಆರಂಭಿಸಿದೆವು. ಕೆಂಪು ಗುಂಡಿ ಒತ್ತುವುದು ನಾನು, ಮಾತಾಡುವುದು ಅವಳು. ಕೆಲಸ ಹೀಗೆ ಹಂಚಿಕೆಯಾದದ್ದು ನಮ್ಮ ಸಂಸಾರದಲ್ಲಿ ಇದೇ ಮೊದಲು.

ಗುಂಡಿ ಒತ್ತಿ "ಹಾಂ, ಹೇಳು" ಎಂದೆ. "ನೀರು ಬೇಕು" ಎಂದಳು. ಕೇಳಿ ನೋಡಿದರೆ ಅವಳ ನೀರಿಗಿಂತ ಮುಂಚೆ ನನ್ನ "ಹಾಂ, ಹೇಳು" ಚಕ್ಕಳಮಕ್ಕಳ ಹಾಕಿ ಕೂತಿದೆ.

"ನನ್ನ ದನಿ ತುಂಬಿಸೋಕೆ ಕೊಟ್ಟಿರೋದು ರೀ ಇದು. ಇದರಲ್ಲೂ ನಿಮ್ಮದೇ ಮೊದಲಾ?" ಎಂದಳು.

ಇನ್ನು ಕೈಸನ್ನೆ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಸನ್ನೆಯನ್ನೂ ಮಾಡಿದೆ. ಸನ್ನೆಯ ಜೊತೆಗೆ ಬಾಯಿ ತಾನಾಗಿಯೇ "ಹಾಂ, ಹೇಳು" ಎಂದಿತು. ಅಂಗಡಿಯಲ್ಲಿ ಅಕ್ಷರದ ಹಲಗೆ ತೋರಿಸಿ "ಹಾಂ, ಹೇಳಿ" ಎಂದೇ ಜೀವನ ಸಾಗಿಸಿದ ಬಾಯಿ, ಒಂದು ಮಧ್ಯಾಹ್ನದಲ್ಲಿ ತಿದ್ದಿಕೊಂಡೀತೆ? ಕೊನೆಗೆ ಎಲ್ಲವನ್ನೂ ಮಗಳು ಕತ್ತರಿಸಿಕೊಡುತ್ತಾಳೆ ಎಂದು ಸಮಾಧಾನ ಹೇಳಿದೆ.

ಇನ್ನೊಂದು ಸಣ್ಣ ತೊಡಕು. ಅವಳಿಗೆ ಈಗ ಮಾತಿನ ನಡುವೆ ಉಸಿರು ನಿಲ್ಲುತ್ತದೆ. "ನನ್ನನ್ನ ಸ್ವಲ್ಪ…" ಎಂದು ತಡೆದಳು. "ಎಬ್ಬಿಸಿ" ಎಂದು ನಾನು ಪೂರ್ತಿ ಮಾಡಿದೆ. ಮೇಡಂ ಬರೆದುಕೊಟ್ಟ ಕಾಗದದಲ್ಲಿ ಇದ್ದದ್ದು "ಸ್ವಲ್ಪ ಹೊತ್ತು ಒಬ್ಬಳನ್ನೇ ಬಿಡಿ" ಎಂದು. ಅವಳು ಕಾಗದವನ್ನು ನನ್ನ ಮುಖಕ್ಕೆ ಹಿಡಿದಳು. ಅವಳ ಮಾತು ಮುಗಿಸಿಕೊಡುವುದನ್ನು ನಾನು ಈವರೆಗೆ ಸೇವೆ ಎಂದೇ ತಿಳಿದಿದ್ದೆ.

ಆಗಸ್ಟ್ ೯, ಶನಿವಾರ

ಮೇಡಂ ಕೊಟ್ಟ ವಾಕ್ಯಗಳು ಮುಗಿದವು. ಈಗ ಸ್ವಂತ ವಾಕ್ಯಗಳ ಸರದಿ. ನನ್ನ ಹೆಂಡತಿ ಉಳಿಸಿಕೊಳ್ಳಬಯಸಿದ ಅಮೂಲ್ಯ ಮಾತುಗಳು ಹೀಗಿವೆ: ಒದ್ದೆ ಟವೆಲ್ ಮಂಚದ ಮೇಲೆ ಹಾಕಬೇಡಿ. ಚಪ್ಪಲಿ ಬಾಗಿಲಿಗೆ ಅಡ್ಡ ಇದೆ. ಈ ಕಥೆ ಹೋದ ಸಲವೂ ಹೇಳಿದಿರಿ. ಅವರು ಹೊರಡಬೇಕಂತೆ, ಪಾಪ, ಬಿಡಿ ಅವರನ್ನ.

ಇದನ್ನು ಹೆಂಡತಿಯ ದನಿಯ ಸಂಗ್ರಹ ಎನ್ನುವುದಕ್ಕಿಂತ ನನ್ನ ಮೇಲಿನ ಆರೋಪಪಟ್ಟಿ ಎನ್ನುವುದೇ ಲೇಸು. ಪ್ರೀತಿಯ ಮಾತು ಒಂದಾದರೂ ಇರಲಿ ಎಂದು ನಾನು ಅರ್ಜಿ ಹಾಕಿದೆ. ಅವಳು ಸ್ವಲ್ಪ ಯೋಚಿಸಿ, "ಹಾಗಿದ್ರೆ 'ರೀ' ಅಂತ ಹಾಕೋಣ" ಎಂದಳು. ಮೂರು ಬಗೆಯಲ್ಲಿ ಹೇಳಿದಳು. ಮೊದಲನೆಯದು ಕರೆಯುವ ರೀ. ಎರಡನೆಯದು ಸಿಟ್ಟಿನ ರೀ. ಮೂರನೆಯದು, ಮನೆಯೊಳಗೆ ಬಂದು, ಬೆಳಕು ಹಾಕುವ ಮುಂಚೆ, ಇದ್ದೇನೋ ಇಲ್ಲವೋ ಎಂದು ಹುಡುಕುವ ರೀ. ಇಷ್ಟು ವರ್ಷ ಮೂರಕ್ಕೂ ನಾನು "ಹೂಂ" ಎಂದೇ ಉತ್ತರಿಸಿದ್ದೇನೆ. ಮೂರೂ ಬೇರೆ ಬೇರೆ ಎಂದು ಹೆಡ್‌ಫೋನಿನಲ್ಲಿ ಕೇಳಿದಾಗ ತಿಳಿಯಿತು.

ಸಂಜೆ ಮಗಳ ಫೋನು. ಪೆನ್‌ಡ್ರೈವ್ ಕೀಳುವ ಪಾಠ ಮತ್ತೆ. ಕಾಪಿ ಆಯಿತು ಎಂದು ಕಂಪ್ಯೂಟರು ತೋರಿಸಿದರೂ ಆಗಿರುವುದಿಲ್ಲವಂತೆ. ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು, ಪುರಸೊತ್ತಾದಾಗ ಪೆನ್‌ಡ್ರೈವಿಗೆ ಬರೆಯುತ್ತದಂತೆ. ಬಾಣ ಒತ್ತಿ ಹೊರಡುತ್ತೇನೆ ಎಂದಾಗ ಮಾತ್ರ, ಅಯ್ಯೋ ಎಂದು ಬಾಕಿಯೆಲ್ಲ ಬರೆದು ಮುಗಿಸುತ್ತದಂತೆ.

ಫೋನಿನ ಸ್ಪೀಕರು ಹಾಕಿದ್ದೆ. ಹೆಂಡತಿ ಬಟ್ಟೆ ಮಡಿಸುತ್ತಾ ಕೇಳುತ್ತಿದ್ದಳು. "ನಿಮ್ಮಪ್ಪನ ಹಾಗೇ ಬಿಡು. ಹೂಂ ಹೂಂ ಅಂತಾರೆ, ಒಳಗೆ ಹೋಗಿರಲ್ಲ" ಎಂದಳು. ತಾಯಿ ಮಗಳು ನಕ್ಕರು. ನಾನು ಹೂಂ ಎಂದೆ.

ಆಗಸ್ಟ್ ೧೩, ಬುಧವಾರ

ಇಂದು ಅವಳ ಕೆಲಸದ ಕೊನೆಯ ದಿನ. ಅಂಗಡಿ ಮುಚ್ಚಿ ಬಸ್ ನಿಲ್ದಾಣಕ್ಕೆ ಹೋದೆ. ಕಲ್ಲುಬೆಂಚಿನಲ್ಲಿ, ಮೂಟೆಗಳ ನಡುವೆ, ಎಲ್ಲಿಗೂ ಹೋಗದ ಪ್ರಯಾಣಿಕನಾಗಿ ಕೂತೆ. ಪಕ್ಕದವನು ಯಾವ ಬಸ್ಸು ಎಂದು ಕೇಳಿದ. ಎಲ್ಲವೂ ಎಂದೆ. ಅವನು ಮೂಟೆ ತನ್ನತ್ತ ಎಳೆದುಕೊಂಡ.

ಇಷ್ಟು ವರ್ಷದಲ್ಲಿ ನಾನು ಅಲ್ಲಿ ಕೂತು ಆ ದನಿ ಕೇಳಿದ್ದೇ ಇಲ್ಲ. ಮನೆಯಲ್ಲೇ ಇದೆಯಲ್ಲ ಎಂದು. ಕಬ್ಬಿಣದ ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಅವಳ ದನಿ ಒರಟಾಗಿ ಬರುತ್ತಿತ್ತು. ಆದರೂ ಊರುಗಳ ಹೆಸರನ್ನು ಒಂದೊಂದನ್ನೂ ಒರೆಸಿ ಇಟ್ಟಂತೆ ಹೇಳುತ್ತಿದ್ದಳು. ಕೊನೆಯ ಪ್ರಕಟಣೆಯಲ್ಲಿ "ಪ್ರಯಾಣಿಕರ…" ಎಂದು ನಿಂತುಬಿಟ್ಟಳು. ಇಡೀ ನಿಲ್ದಾಣ ತಲೆಯೆತ್ತಿತು. ನನ್ನ ಬಾಯಲ್ಲಿ "ಗಮನಕ್ಕೆ" ಬಂದಿತ್ತು, ಆದರೆ ಅಲ್ಲಿ ಮೈಕು ಅವಳ ಕೈಯಲ್ಲಿತ್ತು. ಉಸಿರು ತೆಗೆದುಕೊಂಡು ಅವಳೇ ಮುಗಿಸಿದಳು.

ಡ್ರೈವರುಗಳು ಹಾರನ್ ಬಾರಿಸಿ ಬೀಳ್ಕೊಟ್ಟರು. ಕಿವಿ ಕಿತ್ತುಹೋಯಿತು. ಸದ್ದು ಮಾಡಬಾರದ ಜಾಗ ಎಂಬ ಹಲಗೆಯ ಕೆಳಗೇ ನಿಂತು ಬಾರಿಸಿದರು.

ಆಗಸ್ಟ್ ೧೬, ಶನಿವಾರ

ಕಾರ್ಯ ಸಂಪೂರ್ಣ. ಎಲ್ಲ ಮಾತುಗಳೂ ಪೆನ್‌ಡ್ರೈವಿಗೆ ಹೋಗಿವೆ.

ಮಗಳು ಕಾಪಿ ಮಾಡು ಎಂದಿದ್ದಳು. ನಾನು ಕಾಪಿಗಿಂತ ಉತ್ತಮವಾದದ್ದನ್ನು ಮಾಡಿದೆ. ಡಿಸ್ಕ್ ತುಂಬುತ್ತಿದೆ ಎಂದು ಅಜ್ಜ ಬೆಳಗಿನಿಂದ ಗೊಣಗುತ್ತಿದ್ದ. ಒಂದೇ ಸರಕು ಗೋದಾಮಿನಲ್ಲೂ ಇರಬೇಕು, ಅಂಗಡಿಯಲ್ಲೂ ಇರಬೇಕು ಎಂದರೆ ವ್ಯಾಪಾರಿಯ ಮನಸ್ಸು ಒಪ್ಪುವುದಿಲ್ಲ. ಎಲ್ಲವನ್ನೂ "ಕಟ್" ಮಾಡಿ ಅಲ್ಲಿ ಅಂಟಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಪಟ್ಟಿ ತುಂಬಿ ಮಾಯವಾಯಿತು. ಹಗುರ ಜಾತಿಯ ಚುರುಕೇ ಚುರುಕು ಎಂದು ಮೆಚ್ಚಿ ಪೆನ್‌ಡ್ರೈವನ್ನು ಕಿತ್ತು, ಮುಚ್ಚಳ ಹಾಕಿ, ಅವಳ ಕೈಚೀಲದಲ್ಲಿಟ್ಟೆ. ಕೀಳುವಾಗ ಅದರ ತಲೆಯಲ್ಲಿ ಪುಟ್ಟ ದೀಪವೊಂದು ಮಿನುಗುತ್ತಿತ್ತು. ಚೆಂದವಾಗಿತ್ತು.

ಆಗಸ್ಟ್ ೧೮, ಸೋಮವಾರ

ಬೆಳಿಗ್ಗೆ ಮೊದಲು ಗಂಟಲ ಡಾಕ್ಟರು. ಹೊಸ ಸ್ಕ್ಯಾನ್ ನೋಡಿದರು. ಗಡ್ಡೆ ಬೆಳೆದಿದೆ, ಊತವಿದೆ, ಉಸಿರಿನ ದಾರಿ ಕಿರಿದಾಗಿದೆ. ಆಪರೇಷನ್ ಮುಂದಿನ ಸೋಮವಾರಕ್ಕೇ. ಅಲ್ಲಿಯವರೆಗೆ ಒಂದು ಮಾತೂ ಆಡಬಾರದು, ಪಿಸುಮಾತೂ ಬೇಡ ಎಂದರು. ಅವಳು "ಸರಿ" ಎಂದಳಂತೆ. ಎಂದಳಂತೆ ಎನ್ನುತ್ತೇನೆ, ಏಕೆಂದರೆ ಆಗ ನಾನು ಡಾಕ್ಟರಿಗೆ ಏನನ್ನೋ ವಿವರಿಸುತ್ತಿದ್ದೆ. ಅವಳ ತುಟಿ ಅಲ್ಲಾಡಿದ್ದು ಕಂಡಿತು. ಏನು ವಿವರಿಸುತ್ತಿದ್ದೆನೋ ನೆನಪಿಲ್ಲ.

ಅಲ್ಲಿಂದ ಮಾತಿನ ಮೇಡಂ ಹತ್ತಿರ. ಏನಾದರಾಗಲಿ, ದನಿ ನಮ್ಮ ಕೈಚೀಲದಲ್ಲಿದೆ ಎಂಬ ಧೈರ್ಯ ನನಗೆ. ಅವರು ಪೆನ್‌ಡ್ರೈವ್ ಹಾಕಿದರು. ಹೆಸರುಗಳೆಲ್ಲ ಶಿಸ್ತಾಗಿ ಸಾಲಲ್ಲಿ ನಿಂತಿದ್ದವು: ನೀರು, ಫ್ಯಾನ್, ಟವೆಲ್, ರೀ ಒಂದು, ರೀ ಎರಡು, ರೀ ಮೂರು. ಮೇಡಂ ಒತ್ತಿದರು. ಸದ್ದಿಲ್ಲ. ಇನ್ನೊಂದು ಒತ್ತಿದರು. ನಿಮ್ಮ ಸ್ಪೀಕರು ಕೆಟ್ಟಿರಬೇಕು ಎಂದೆ. ಅವರು ಪರದೆಯನ್ನು ನನ್ನತ್ತ ತಿರುಗಿಸಿದರು. ಪ್ರತಿ ಹೆಸರಿನ ಮುಂದೆ ಸೊನ್ನೆ. ಹೆಸರು ಉಂಟು, ಒಳಗೆ ಏನೂ ಇಲ್ಲ.

"ಕೀಳೋ ಮುಂಚೆ ಇಜೆಕ್ಟ್ ಮಾಡಿದ್ರಾ ಸರ್?" ಎಂದು ಮೇಡಂ ಕೇಳಿದರು.

ಆ ಪುಟ್ಟ ಬಾಣ ಈಗ ನೆನಪಾಯಿತು. ಮನೆಯ ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಅವರು ಮತ್ತೆ ಕೇಳಿದರು. ಕಟ್ ಮಾಡಿದ್ದೆ ಎಂದೆ. ಅವರು ಪೆನ್‌ಡ್ರೈವ್ ತೆಗೆದು ನನ್ನ ಕೈಗಿಟ್ಟರು. ಮತ್ತೆ ಹೇಳಿಸುವಂತೆಯೂ ಇಲ್ಲ.

ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ನನ್ನನ್ನು ನೋಡಿದಳು. ಅವಳ ನೋಟಕ್ಕೆ ಮಾತು ಜೋಡಿಸುವುದು ನನಗೆ ನೀರು ಕುಡಿದಷ್ಟು ಸಲೀಸು ಎಂದುಕೊಂಡಿದ್ದವನು ನಾನು. ಇವತ್ತು ಏನೂ ಜೋಡಿಸಲಾಗಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು. ನಾನು ದಾರಿಯುದ್ದಕ್ಕೂ ಮಾತಾಡಿದೆ. ಕಂಪನಿಯವರ ಪೆನ್‌ಡ್ರೈವೇ ಕಳಪೆ ಎಂದೆ, ಹಗುರ ಜಾತಿಯನ್ನು ನಂಬಬಾರದಿತ್ತು ಎಂದೆ, ಎಲ್ಲದಕ್ಕೂ ದಾರಿ ಇರುತ್ತದೆ ಎಂದೆ. ಇಳಿಯುವಾಗ ಅವಳು ನನ್ನ ಶರ್ಟಿನ ಗುಂಡಿ ಸರಿಮಾಡಿದಳು. ಬೆಳಗಿನಿಂದ ತಪ್ಪು ಕಾಜಕ್ಕೆ ಹಾಕಿಕೊಂಡು ತಿರುಗಿದ್ದೆ. ಬಾಯಿ ಇದ್ದಿದ್ದರೆ ಮನೆ ಬಿಡುವಾಗಲೇ ಹೇಳುತ್ತಿದ್ದಳು ಎಂದು ಬರೆಯಹೊರಟೆ. ಮನೆ ಬಿಡುವಾಗ ಬಾಯಿ ಇತ್ತು. ಬಹುಶಃ ಹೇಳಿದ್ದಳು.

ಆಗಸ್ಟ್ ೧೯, ಮಂಗಳವಾರ

ಮಗಳು ಫೋನ್ ಎತ್ತುತ್ತಿಲ್ಲ. ಯಾರದೋ ದವಡೆಯ ಅಚ್ಚು ತೆಗೆಯುತ್ತಿರಬೇಕು. ಅಂಗಡಿ ತೆರೆದಿಲ್ಲ. ಬೆಳಗಿನಿಂದ ಇದರ ಮುಂದೆಯೇ ಕೂತಿದ್ದೇನೆ. ನಿನ್ನೆಯದನ್ನು ಓದಿ ತಿದ್ದಿ ಮತ್ತೆ ಉಳಿಸಿದೆ. ಬರೆದರೆ ಎದೆ ಸ್ವಲ್ಪ ಹಗುರವಾಗುತ್ತದೆ, ನಿಲ್ಲಿಸಿದರೆ ಮನೆಯ ಸದ್ದಿಲ್ಲದಿರುವಿಕೆ ಕೇಳುತ್ತದೆ, ಆದ್ದರಿಂದ ಬರೆಯುತ್ತೇನೆ.

ಪೆನ್‌ಡ್ರೈವನ್ನು ಎಷ್ಟೋ ಸಲ ಮೌಂಟ್ ಮಾಡಿದೆ. ವಿನಯದಿಂದ ಮಾಡಿದೆ. ಪ್ರತಿಸಲವೂ ಬಾಣ ಒತ್ತಿ, ಕಾದು, ಸಭ್ಯ ಗೃಹಸ್ಥನಂತೆ ಕಳಿಸಿಕೊಟ್ಟೆ. ಸತ್ತವರ ಮನೆಗೆ ಮದುವೆಯ ಉಡುಗೊರೆ ಒಯ್ದಂತೆ ಆಯಿತು. ಸೊನ್ನೆ ಸೊನ್ನೆಯಾಗಿಯೇ ಇದೆ.

ಅವಳು ಅಡುಗೆಮನೆಯಲ್ಲಿ ಸೂಪು ಕಾಸುತ್ತಿದ್ದಾಳೆ. ಚಮಚ ಪಾತ್ರೆಗೆ ತಾಗುವುದು ಕೇಳಿಸುತ್ತಿದೆ. ಕರೆಯುವ ರೀ ಇಲ್ಲದ್ದರಿಂದ ಆಗಲೇ ಒಂದು ಸಲ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಟೈಪು ಮಾಡುತ್ತಿದ್ದೆ. ಎಷ್ಟು ಹೊತ್ತು ನಿಂತಿದ್ದಳೋ ತಿಳಿಯದು. ತಿರುಗಿ ನೋಡುವಾಗ ಹೊರಟಿದ್ದಳು. ನಾನು ಹೇಳಬೇಕೆಂದಿದ್ದದ್ದು ಏನೆಂದರೆ

ಫೋನು. ಮಗಳು.

ಅದೇ ದಿನ, ಕಾಗದದ ಮೇಲೆ

ಇದನ್ನು ಅಂಗಡಿಯಲ್ಲಿ ಕಣ್ಣಿನ ನಂಬರು ಬರೆದುಕೊಡುವ ಚೀಟಿಗಳ ಹಿಂದೆ ಬರೆಯುತ್ತಿದ್ದೇನೆ. ಚೀಟಿ ಚಿಕ್ಕದು.

ಮಗಳಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಹಾಗಾದರೆ ಅದು ಇನ್ನೂ ಕಂಪ್ಯೂಟರಿನಲ್ಲೇ ಇರಬಹುದು ಎಂದಳು. ಕಟ್ ಮಾಡಿದಾಗ ಫೈಲು ಅಳಿಯುವುದಿಲ್ಲವಂತೆ. ಟಿಕೆಟ್ಟು ರದ್ದಾಗಿರುತ್ತದೆ, ಪ್ರಯಾಣಿಕ ಇನ್ನೂ ಸೀಟಿನಲ್ಲೇ ಕೂತಿರುತ್ತಾನೆ. ಬೇರೆ ಯಾರಾದರೂ ಬಂದು ಆ ಸೀಟಿನಲ್ಲಿ ಕೂರುವವರೆಗೆ.

ಅಷ್ಟರಲ್ಲಿ ಅವಳು ಕೇಳಿದಳು: "ಅಪ್ಪಾ, ಶನಿವಾರದಿಂದೀಚೆಗೆ ಆ ಕಂಪ್ಯೂಟರಲ್ಲಿ ಏನಾದ್ರೂ ಬರೆದಿದ್ದೀಯಾ?"

"ದಿನಚರಿ ಬರೀತಿದ್ದೀನಿ," ಎಂದೆ. "ನೀನೇ ಹೇಳಿದ್ದೆಯಲ್ಲ."

ಅತ್ತ ಕುರ್ಚಿ ಸರಿದ ಸದ್ದು.

"ಅಪ್ಪಾ, ಇನ್ನು ಒಂದಕ್ಷರ ಬರೀಬೇಡ. ಈಗಲೇ ಆಫ್ ಮಾಡು. ನೀನು ಬರೆಯೋದೆಲ್ಲ ಹೋಗಿ ಅಮ್ಮನ ಮಾತಿನ ಮೇಲೆ ಕೂರುತ್ತೆ."

ಸ್ಪೀಕರು ಹಾಕಿಯೇ ಇತ್ತು. ಹೆಂಡತಿ ಸೂಪಿನ ಬಟ್ಟಲು ಹಿಡಿದು ನಿಂತಿದ್ದಳು. ಬಟ್ಟಲಿಟ್ಟು, ಚೀಟಿ ಎಳೆದುಕೊಂಡು ಬರೆದಳು: "ಇದು ಇವತ್ತಿನದಲ್ಲ. ಮದುವೆಯಾದಾಗಿನಿಂದ." ಬರೆದು, ಭುಜ ಕುಣಿಸಿ ನಕ್ಕಳು. ಸದ್ದಿಲ್ಲದ ನಗು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ಇದ್ದೆ.

ಚೀಟಿ ಮುಗಿಯಿತು.

ಆಗಸ್ಟ್ ೨೧, ಗುರುವಾರ

ಮಗಳು ಬಂದಳು. ಅಜ್ಜನನ್ನು ಎಬ್ಬಿಸದೆ, ತಾನು ತಂದ ಇನ್ನೊಂದು ಪೆನ್‌ಡ್ರೈವಿನಿಂದಲೇ ಕಂಪ್ಯೂಟರು ನಡೆಸಿ, ರದ್ದಾದ ಟಿಕೆಟ್ಟಿನ ಪ್ರಯಾಣಿಕರನ್ನು ಹುಡುಕಲು ಹಚ್ಚಿದ್ದಾಳೆ. ಕಪ್ಪು ಪರದೆಯಲ್ಲಿ ಅಂಕಿಗಳು ಓಡುತ್ತಿವೆ. ಏನಾದರೂ ಕೇಳೋಣ ಎನಿಸಿತು. ಕೇಳಲಿಲ್ಲ.

ಆಗಸ್ಟ್ ೨೨, ಶುಕ್ರವಾರ

ಸಿಕ್ಕವು. ಎಲ್ಲ ಅಲ್ಲ, ಬಹಳಷ್ಟು. ಆದರೆ ಹೆಸರು ಕಳೆದುಕೊಂಡು ಬಂದಿವೆ. ಬರೀ ಅಂಕಿ. ಯಾವುದು ನೀರು, ಯಾವುದು ಟವೆಲ್ ಎಂದು ತಿಳಿಯಲು ಪ್ರತಿಯೊಂದನ್ನೂ ಪೂರ್ತಿ ಕೇಳಬೇಕು. ಆ ಕೆಲಸ ನನಗೆ ವಹಿಸಿದರು. ಹೆಡ್‌ಫೋನ್ ಹಾಕಿಕೊಂಡು ಇಡೀ ದಿನ ಕೇಳಿದೆ. ಕೆಲವು ಅರ್ಧಕ್ಕೆ ಗರಗರ ಎಂದು ನಿಲ್ಲುತ್ತವೆ. "ಈ ಕಥೆ ಹೋದ ಸಲವೂ" ಎನ್ನುವಲ್ಲಿಗೆ ಒಂದು ನಿಂತಿತು.

"ಅಲ್ಲಿ ನಿನ್ನ ಸೋಮವಾರದ ದಿನಚರಿ ಕೂತಿರಬೇಕು," ಎಂದಳು ಮಗಳು ತಮಾಷೆಗೆ. ಆಮೇಲೆ, "ಇಲ್ಲಪ್ಪ, ಹಾಗೇನಿಲ್ಲ, ಸುಮ್ಮನೆ ಅಂದೆ," ಎಂದಳು.

ಮೂರು ರೀಗಳಲ್ಲಿ ಸಿಟ್ಟಿನ ರೀ ಒಂದೇ ಬಂದಿದೆ. ಕರೆಯುವುದೂ ಹುಡುಕುವುದೂ ಇಲ್ಲ. ಇನ್ನೊಮ್ಮೆ ಹುಡುಕಿಸಿದೆ. ಇಲ್ಲ. ಇದು ನ್ಯಾಯವೇ ಎಂದು ಹೆಂಡತಿಯನ್ನು ಕೇಳಿದೆ. ಬಲುಗಟ್ಟಿ ಮಾಲು ಎಂಬಂತೆ ಅವಳು ಹೆಬ್ಬೆರಳೆತ್ತಿ ತೋರಿಸಿದಳು.

ಸಂಜೆ ಮಗಳು ನನ್ನ "ಹಾಂ, ಹೇಳು"ಗಳನ್ನು ಕತ್ತರಿಸಲು ಕೂತಳು. ಮೊದಲನೆಯದನ್ನು ಗುರುತುಹಾಕಿದ್ದಳು ಅಷ್ಟೆ, ಹೆಂಡತಿ ಬಂದು ಮೌಸ್ ಹಿಡಿದ ಕೈಯ ಮೇಲೆ ಕೈಯಿಟ್ಟಳು. ಬೇಡ ಎಂದು ತಲೆಯಾಡಿಸಿದಳು.

"ಅಮ್ಮಾ, ಅಂಗಡೀಲಿ ಬ್ರೆಡ್ ಕೇಳೋವಾಗಲೂ ಮೊದಲು ಅಪ್ಪನ ದನಿ ಬರುತ್ತೆ. ಜನ ನಗಲ್ವಾ?"

ಅವಳು ಚೀಟಿಯಲ್ಲಿ ಬರೆದಳು: "ನಗಲಿ. ಇವರು ನನಗೆ 'ಹೇಳು' ಅಂದಿದ್ದಕ್ಕೆ ಬೇರೆ ಎಲ್ಲೂ ಸಾಕ್ಷಿ ಇಲ್ಲ."

ಮಗಳು ನನ್ನನ್ನು ನೋಡಿದಳು. ಇದಕ್ಕೆ ನನ್ನ ಬಳಿ ಎರಡು ಮೂರು ಒಳ್ಳೆಯ ಉತ್ತರಗಳಿದ್ದವು. ಅಷ್ಟರಲ್ಲಿ ಹೆಂಡತಿ ಇನ್ನೂ ಏನೋ ಬರೆಯುವಂತೆ ಪೆನ್ಸಿಲು ಎತ್ತಿದ್ದಳು, ಆದ್ದರಿಂದ ಕಾದೆ. ಬರೆಯಲಿಲ್ಲ. ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಹೋದಳು.

ಆಗಸ್ಟ್ ೨೫, ಸೋಮವಾರ

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಮಧ್ಯಾಹ್ನ ದಾಟಿದ ಮೇಲೆ ಡಾಕ್ಟರು ಹೊರಗೆ ಬಂದು ಚೆನ್ನಾಗಿ ಆಯಿತು ಎಂದರು. ಕೂತುಕೊಂಡೆ.

ಆಗಸ್ಟ್ ೩೦, ಶನಿವಾರ

ಕುತ್ತಿಗೆಯಲ್ಲಿ ಉಸಿರಿಗೆ ಒಂದು ತೂತು ಮಾಡಿದ್ದಾರೆ. ನೋಡಬಾರದೆಂದುಕೊಂಡಿದ್ದೆ. ನರ್ಸು ಸ್ವಚ್ಛಮಾಡುವುದನ್ನು ತೋರಿಸಿಕೊಟ್ಟರು, ನೋಡಿದೆ, ಕಲಿತೆ. ಅವಳಿಗೆ ನೋವಾದರೆ ಎರಡು ಬೆರಳು ಎತ್ತುತ್ತಾಳೆ. ಸಾಕು ಎಂದರೆ ಒಂದು. ನಾನು ಕೈ ನೋಡುತ್ತಾ ಕೆಲಸ ಮಾಡಬೇಕು. ಮಾತಾಡಿದರೆ ಬೆರಳು ತಪ್ಪಿಹೋಗುತ್ತದೆ.

ಪಕ್ಕದ ಹಾಸಿಗೆಯವರ ಮಗ, ನಿಮ್ಮ ಮನೆಯವರು ತುಂಬ ಮೌನಿ ಅಲ್ಲವೇ ಎಂದು ಅವಳನ್ನು ಕೇಳಿದನಂತೆ, ನನ್ನ ಬಗ್ಗೆ. ಇದನ್ನು ಅವಳು ಬರೆದು ತೋರಿಸಿದಳು. ಕೆಳಗೆ ಎರಡು ಗೆರೆ ಎಳೆದಿದ್ದಳು. ಅವನ ಕಣ್ಣು ಪರೀಕ್ಷೆ ಮಾಡಬೇಕು.

ಸೆಪ್ಟೆಂಬರ್ ೧೨, ಶುಕ್ರವಾರ

ಮನೆಗೆ ಬಂದು ಕೆಲವು ದಿನವಾಯಿತು. ಕಂಪ್ಯೂಟರಿನಲ್ಲಿ ಬರೆಯಬಹುದು ಎಂದು ಮಗಳು ಅನುಮತಿ ಕೊಟ್ಟಿದ್ದಾಳೆ. ಚೀಟಿಯೇ ಸಾಕು.

ಟ್ಯಾಬು ಬಂದಿದೆ. ಮೊನ್ನೆ ಬೇಕರಿಯಲ್ಲಿ ಅವಳು ಬ್ರೆಡ್ಡಿನ ಚಿತ್ರ ಒತ್ತಿದಳು. "ಹಾಂ, ಹೇಳು. ಬ್ರೆಡ್ ಕೊಡಿ" ಎಂದಿತು. ಬೇಕರಿಯವನು ನನ್ನ ಬಾಯಿ ನೋಡಿದ. ಮುಚ್ಚಿತ್ತು. ಅವನು ಗಾಬರಿಯಲ್ಲಿ ಎರಡು ಬ್ರೆಡ್ ಕೊಟ್ಟ. ಬಸ್ ನಿಲ್ದಾಣದಲ್ಲಿ ಈಗ ಬೇರೆ ದನಿ ಬಂದಿದೆ. ಅದರ ಕೆಳಗೆ ಹಾದುಬರುವಾಗ ಅವಳು ನಿಂತು ಕೊನೆಯವರೆಗೆ ಕೇಳಿಸಿಕೊಂಡಳು. ಮುಖದಲ್ಲಿ ಏನಿತ್ತೆಂದು ಬರೆಯಲಾರೆ, ನನಗೆ ಗೊತ್ತಿಲ್ಲ. ಕೈಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಇಂದು ಮಧ್ಯಾಹ್ನ ಮಗಳಿಗೆ ಒಂದು ಪ್ರತಿ ಇರಲೆಂದು ಎಲ್ಲ ಮಾತುಗಳನ್ನೂ ಹೊಸ ಪೆನ್‌ಡ್ರೈವಿಗೆ ಹಾಕುತ್ತಿದ್ದೆ. ಕಾಪಿ. ಕಟ್ ಅಲ್ಲ. ಪಟ್ಟಿ ಕ್ಷಣದಲ್ಲಿ ತುಂಬಿತು. ಬಾಣ ಒತ್ತಿದೆ. ಪೆನ್‌ಡ್ರೈವಿನ ದೀಪ ಮಿನುಗುತ್ತಲೇ ಇತ್ತು. ಅಜ್ಜ ತಲೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಒಂದೊಂದಾಗಿ ಬರೆಯುತ್ತಿದ್ದ. ನಾನು ಕೈಕಟ್ಟಿ ಕೂತಿದ್ದೆ.

ಆಗ ಒಳಕೋಣೆಯಿಂದ ಟ್ಯಾಬು ಕೇಳಿಸಿತು. ಮೊದಲು "ಹಾಂ, ಹೇಳು." ಆಮೇಲೆ ರೀ. ಸಿಟ್ಟಿನದು. ಇರುವುದೇ ಅದೊಂದು.

ಮಧ್ಯಾಹ್ನದ ನಿದ್ದೆಯಿಂದ ಆಗತಾನೇ ಎದ್ದಿದ್ದಳು. ಕೋಣೆಯಲ್ಲಿ ಪರದೆ ಎಳೆದು ಕತ್ತಲೆ ಮಾಡಿದ್ದೆ. ಸಿಟ್ಟು ಬರುವಂಥದ್ದು ಏನೂ ನಡೆದಿರಲಿಲ್ಲ. 'ಇದ್ದೇನೆ' ಎಂದು ಕೂಗೋಣವೆನಿಸಿತು. ಕೂಗಿ ಕೂತಿರುವುದಕ್ಕಿಂತ ಎದ್ದು ಹೋಗುವುದೇ ಸುಲಭವಾಗಿತ್ತು.

ಹೋಗಿ, ಪರದೆ ಸರಿಸಿ, ಅವಳ ಎದುರು ಕೂತೆ. ಅವಳು ಟ್ಯಾಬು ಮಡಿಲಿಗೆ ಎಳೆದುಕೊಂಡು ಚಿತ್ರಗಳ ಮೇಲೆ ಬೆರಳಾಡಿಸಿದಳು, ಒಂದರ ಮೇಲೆ ತಡೆದಳು, ಬಿಟ್ಟಳು, ಹಿಂದಕ್ಕೆ ಬಂದಳು. ಯಾವುದನ್ನು ಹುಡುಕುತ್ತಿದ್ದಳೋ ನನಗೆ ತಿಳಿಯಲಿಲ್ಲ. ಬೆರಳು ಇಳಿಯಿತು.

ಯಂತ್ರದೊಳಗಿನ ನಾನು "ಹಾಂ, ಹೇಳು" ಎಂದೆ. ಕುರ್ಚಿಯಲ್ಲಿದ್ದ ನಾನು ಕಾದೆ.